ಪಟ್ಟಿಯಲ್ಲಿ ಅವ್ವನ ಹೆಸರಿರಲಿಲ್ಲ

ನಮ್ಮ ಊರಿನ ಹೆಸರಿನಲ್ಲೇ ವಿಮಾನ ಇದೆ. ವಿಮಾನಪುರ. ಆದರೆ ನಮ್ಮ ಮನೆಯಲ್ಲಿ ಟಿಕೇಟು ಕೊಂಡು ವಿಮಾನ ಹತ್ತಿದವರು ಇವತ್ತಿಗೂ ಇಲ್ಲ. ಅವ್ವ ಹತ್ತಿದ್ದಾಳೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಕಸದ ಚೀಲ. ಜನ ಇಳಿದ ಮೇಲೆ ಹತ್ತಿ, ಜನ ಹತ್ತುವ ಮೊದಲೇ ಇಳಿದು ಬಂದಿದ್ದಾಳೆ.

ನಾನು ಬರೆಯಹೊರಟಿರುವುದು ವಿಮಾನದ ಬಗ್ಗೆ ಅಲ್ಲ. ಫೋನಿನಲ್ಲಿ ಕಟ್ಟಿಕೊಂಡಿದ್ದ ನಮ್ಮ ಒಂದು ಗುಂಪನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಿದ ಬಗ್ಗೆ, ಆ ಕೆಲಸದಲ್ಲಿ ನಾನು ಮಾಡಿದ ತಪ್ಪಿನ ಬಗ್ಗೆ. ನಮ್ಮವರು ಮಾಡಿದ ತಪ್ಪನ್ನು ನಮ್ಮವರ ಪತ್ರಿಕೆಯಲ್ಲೇ ಹೇಳಿಕೊಳ್ಳಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಆದರೆ ಮೊದಲು ವಿಮಾನ ನಿಲ್ದಾಣದ ಕತೆ ಹೇಳಲೇಬೇಕು. ಯಾಕೆಂದರೆ 'ಸ್ಥಳಾಂತರ' ಅನ್ನುವ ಮಾತನ್ನು ನಾನು ಕಲಿತದ್ದು ಅಲ್ಲಿಂದ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ವಿಮಾನದ ಕಾರ್ಖಾನೆ ತೆರೆದರು. ಅದೇ ಇವತ್ತಿನ ಎಚ್.ಎ.ಎಲ್. ಕಾರ್ಖಾನೆಯ ರನ್‌ವೇಯೇ ಮುಂದೆ ಬೆಂಗಳೂರಿನ ವಿಮಾನ ನಿಲ್ದಾಣವಾಯಿತು. ಕಾಂಪೌಂಡಿನ ಒಳಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ. ಹೊರಗೆ ಅಣ್ಣಸಂದ್ರಪಾಳ್ಯ, ಇಸ್ಲಾಂಪುರ, ಮುರುಗೇಶಪಾಳ್ಯ. ಮಾಲೂರು ಕಡೆಯಿಂದ ಕೂಲಿಗೆ ಬಂದ ನಮ್ಮಪ್ಪ, ಅವ್ವ ಅಣ್ಣಸಂದ್ರಪಾಳ್ಯದ ಒಂದು ಶೀಟಿನ ಮನೆಯಲ್ಲಿ ಸಂಸಾರ ಹೂಡಿದರು. ಅಪ್ಪ ಗಾರೆ ಕೆಲಸ. ಅವ್ವ ನಿಲ್ದಾಣದಲ್ಲಿ ಗುಡಿಸುವ ಕೆಲಸ, ಕಂಟ್ರಾಕ್ಟಿನಲ್ಲಿ.

2008ರಲ್ಲಿ ನನಗೆ ಒಂಬತ್ತು ವರ್ಷ. ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ತಯಾರಾಗಿತ್ತು. ಅದನ್ನು ಕಟ್ಟಿದ ಕಂಪನಿಯ ಜೊತೆಗಿನ ಒಪ್ಪಂದದಂತೆ ಹಳೆಯದನ್ನು ಪ್ರಯಾಣಿಕರ ವಿಮಾನಗಳಿಗೆ ಮುಚ್ಚಬೇಕಿತ್ತು. ಆ ವರ್ಷದ ಮಾರ್ಚಿನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ದೇಶದ ತುಂಬ ಮುಷ್ಕರ ಹೂಡಿದರು. ಬೆಂಗಳೂರು, ಹೈದರಾಬಾದಿನ ಹಳೆ ನಿಲ್ದಾಣಗಳನ್ನು ಮುಚ್ಚಬೇಡಿ ಎಂದರು. ಅವರಿಗೆ ಸಂಘ ಇತ್ತು. ಅವ್ವನ ಜೊತೆ ಗುಡಿಸುತ್ತಿದ್ದವರಿಗೆ ಸಂಘ ಇರಲಿಲ್ಲ, ಮೇಸ್ತ್ರಿ ಇದ್ದ.

ಒಂದು ದಿನ ಮೇಸ್ತ್ರಿ ಪಟ್ಟಿ ಹಿಡಿದು ಬಂದ. ಯಾರು ಯಾರು ಹೊಸ ಜಾಗಕ್ಕೆ ಬರಬೇಕು ಅಂತ ಹೆಸರು ಕೂಗಿದ. ಅವ್ವನ ಹೆಸರು ಕೂಗಲಿಲ್ಲ. ಯಾಕಣ್ಣ ಅಂತ ಕೇಳಿದ್ದಕ್ಕೆ, "ನಲವತ್ತು ಕಿಲೋಮೀಟರ್ ಐತೆ ಕಣಮ್ಮ. ಮಕ್ಕಳು ಮರಿ ಇರೋಳು, ನಿನ್ನ ಕೈಲಿ ಆಗಲ್ಲ. ಅದಕ್ಕೇ ಬರೆದಿಲ್ಲ" ಅಂದನಂತೆ. ಅವನು ಕೆಟ್ಟವನಲ್ಲ. ಅವಳ ಪರವಾಗಿ ಅವನೇ ಯೋಚನೆ ಮಾಡಿಬಿಟ್ಟಿದ್ದ, ಅಷ್ಟೆ. ಆ ರಾತ್ರಿ ಒಲೆ ಮುಂದೆ ಕೂತು ಅವ್ವ ಅಪ್ಪನಿಗೆ ಹೇಳಿದ್ದು ನನಗಿನ್ನೂ ನೆನಪಿದೆ:

"ಒಂದ್ ಮಾತು ಕೇಳಿದ್ರೆ ನಾನೂ ಬತ್ತಿದ್ದೆ."

ಮೇ 23ರ ನಡುರಾತ್ರಿ ನಿಲ್ದಾಣ ಎದ್ದು ದೇವನಹಳ್ಳಿಗೆ ಹೋಯಿತು. ಏರ್‌ಪೋರ್ಟ್ ರೋಡು ಓಲ್ಡ್ ಏರ್‌ಪೋರ್ಟ್ ರೋಡು ಆಯಿತು. ಅವ್ವನೂ ಓಲ್ಡ್ ಆದಳು. ಆಮೇಲೆ ಮಾರತ್ತಹಳ್ಳಿ ಕಡೆ ಅಪಾರ್ಟ್‌ಮೆಂಟುಗಳ ಮೆಟ್ಟಿಲು ಒರೆಸಿ ನನ್ನನ್ನು ಬಿ.ಎ. ಓದಿಸಿದಳು. ನಮ್ಮ ವಂಶದಲ್ಲಿ ಡಿಗ್ರಿ ಅನ್ನೋದು ನನ್ನದೇ ಮೊದಲು.

*

ಇನ್ನು ಗುಂಪಿನ ವಿಷಯ. 2018ರ ಏಪ್ರಿಲ್ 14ರಂದು ಬಾಬಾಸಾಹೇಬರ ಜಯಂತಿ ಮುಗಿಸಿ, ಕಟ್ಟಿದ ನೀಲಿ ಬಾವುಟ ಬಿಚ್ಚುತ್ತಾ ನಿಂತಿದ್ದಾಗ ನಾವು ಐದು ಜನ ಹುಡುಗರು ಹುಡುಗಿಯರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದೆವು. ಬೇರೇನೂ ದೊಡ್ಡ ಯೋಜನೆ ಇರಲಿಲ್ಲ. ಸ್ಕಾಲರ್‌ಶಿಪ್ಪಿಗೆ ಕೊನೆ ದಿನ ಯಾವಾಗ, ಹಾಸ್ಟೆಲಿನಲ್ಲಿ ಸೀಟು ಇದೆಯಾ, ಜಾತಿ ಸರ್ಟಿಫಿಕೇಟಿಗೆ ಏನೇನು ಬೇಕು – ಇಷ್ಟೇ. ನಡುನಡುವೆ ನಾವು ಬರೆದ ಪದ್ಯ.

ಆಮೇಲೆ ನಮ್ಮ ಅಕ್ಕಂದಿರು ಬಂದರು, ಚಿಕ್ಕಪ್ಪಂದಿರು ಬಂದರು, ಅವ್ವಂದಿರು ಬಂದರು. ಊರಿನ ಕಡೆಯ ಮೇಷ್ಟ್ರುಗಳು ಬಂದರು. ಆಗ ಒಂದು ವಾಟ್ಸಾಪ್ ಗುಂಪಿಗೆ 256 ಜನ ಅಷ್ಟೇ ಹಿಡಿಸುತ್ತಿದ್ದರು. ಒಂದೇ ವರ್ಷಕ್ಕೆ ತುಂಬಿಹೋಯಿತು. ಒಬ್ಬರು ಬಿಟ್ಟರೆ ಒಬ್ಬರು ಒಳಗೆ, ಬಿ.ಎಂ.ಟಿ.ಸಿ. ಬಸ್ಸಿನ ಹಾಗೆ.

ಓದು ಬಾರದವರಿಗೆ ಅಲ್ಲೊಂದು ಗುಂಡಿ ಸಿಕ್ಕಿತ್ತು. ಮೈಕಿನ ಗುರುತಿನ ಗುಂಡಿ. ಒತ್ತಿ ಹಿಡಿದು ಮಾತಾಡಿದರೆ ಮುಗಿಯಿತು. ಸಾವಿರ ವರ್ಷ ನಮ್ಮಿಂದ ಅಕ್ಷರ ಮುಚ್ಚಿಟ್ಟ ದೇಶದಲ್ಲಿ, ಅಕ್ಷರವಿಲ್ಲದೆಯೂ ಕಾಗದ ಬರೆಯಬಹುದು ಅಂತಾಯಿತು. ರಾತ್ರಿ ಹತ್ತು ಗಂಟೆ ಆದಮೇಲೆ, ಪಾತ್ರೆ ತೊಳೆದಿಟ್ಟು, ಒಬ್ಬೊಬ್ಬರೇ ಶುರು ಮಾಡೋರು. ಒಬ್ಬಾಕೆ, "ನಮ್ಮ ಸಂಬಳದಾಗೆ ಪಿ.ಎಫ್. ಅಂತ ಹಿಡೀತಾರೆ, ನಂಬರ್ ಕೇಳಿದ್ರೆ ಕೊಡಲ್ಲ, ಏನ್ ಮಾಡಾದು?" ಅನ್ನೋಳು. ಕಾನೂನು ಓದುತ್ತಿದ್ದ ಒಬ್ಬ ತಂಗಿ ದನಿಯಲ್ಲೇ ಉತ್ತರ ಹೇಳೋಳು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಯಾವ ರಸ್ತೆಯಲ್ಲಿ ಅಕ್ಕಿ ಕೊಡುತ್ತಿದ್ದಾರೆ, ಎಲ್ಲಿ ಪೋಲೀಸರು ಹೊಡೆಯುತ್ತಿದ್ದಾರೆ, ಎಲ್ಲಾ ಈ ದನಿಗಳಲ್ಲೇ ಬಂತು. ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ. ಎಲ್ಲರ ಮಾತನ್ನೂ ಸ್ಪೀಕರಿಗೆ ಹಾಕಿ ಕೇಳೋಳು. ವಾರಕ್ಕೊಂದೋ ಎರಡೋ ಸಲ ಗುಂಡಿ ಒತ್ತಿ, "ಹ್ಞೂಂ ಕಣಕ್ಕ, ಕೇಳಿಸ್ತು" ಅನ್ನೋಳು.

*

ಹಾಗಾದರೆ ಜಾಗ ಬಿಡುವ ಯೋಚನೆ ಯಾಕೆ ಬಂತು?

ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಗ್ರಿ ಆದಮೇಲೆ ನಾನೂ ಇಬ್ಬರು ಗೆಳೆಯರೂ ಇಂದಿರಾನಗರದ ಹಿಂದುಗಡೆ ಒಂದು ರೂಮು ಹುಡುಕಿದೆವು. ಗೇಟಿನಲ್ಲಿ ಟು‌-ಲೆಟ್ ಬೋರ್ಡು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ'. ಇನ್ನೊಂದು ಮನೆಯಲ್ಲಿ ಅಡ್ವಾನ್ಸಿನ ಮಾತೆಲ್ಲ ಮುಗಿದ ಮೇಲೆ, "ನೀವು ಯಾವ ಪೈಕಿ?" ಅಂದರು. ಹೇಳಿದೆವು. "ನಮ್ಮ ಮನೆಯವರನ್ನ ಒಂದ್ಸಲ ಕೇಳಿ ಫೋನ್ ಮಾಡ್ತೀನಿ" ಅಂದರು. ಆ ಫೋನು ಇನ್ನೂ ಬಂದಿಲ್ಲ. ಮನೆ ಬೇರೆಯವರದ್ದಾದರೆ ನಾವು ಅಲ್ಲಿ ಇರುವುದು ಅವರ ಮರ್ಜಿ.

ಈ ಅಂತರ್ಜಾಲದ ಮನೆಗಳೂ ಹಾಗೇ. ನಮಗಿಂತ ಹಿರಿಯರು ಆರ್ಕುಟಿನಲ್ಲಿ ಕನ್ನಡದ ಕೂಟಗಳನ್ನು ಕಟ್ಟಿದ್ದರು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದಕ್ಕೆ ಬೀಗ ಹಾಕಿತು. 2019ರ ಏಪ್ರಿಲಿನಲ್ಲಿ ಗೂಗಲ್ ಪ್ಲಸ್ ಮುಚ್ಚಿತು. 2020ರ ಡಿಸೆಂಬರಿನಲ್ಲಿ ಯಾಹೂ ಗುಂಪುಗಳು ಹೋದವು. ಕಟ್ಟಿದವರನ್ನು ಯಾರೂ ಕೇಳಲಿಲ್ಲ. 2019ರ ಕೊನೆಗೆ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ಅದೇ ಹೊತ್ತಿಗೆ ದಲಿತ, ಬಹುಜನ ಬರಹಗಾರರು ಟ್ವಿಟರಿನ ನೀಲಿ ಗುರುತು ಹಂಚುವುದರಲ್ಲೂ ಜಾತಿ ಇದೆ ಎಂದು ದನಿ ಎತ್ತಿದ್ದರು. ಎಷ್ಟೋ ಜನ ಬೇಸತ್ತು ಮಾಸ್ಟೊಡಾನ್ ಎಂಬ ಹೊಸ ಜಾಗಕ್ಕೆ ಹೋದರು. ಅದಕ್ಕೆ ಒಬ್ಬನೇ ಯಜಮಾನ ಇಲ್ಲ, ಯಾರು ಬೇಕಾದರೂ ತಮ್ಮದೇ ಮನೆ ಕಟ್ಟಿ ಒಬ್ಬರಿಗೊಬ್ಬರು ಬಾಗಿಲು ತೆರೆದಿಡಬಹುದು. ಆದರೆ ಹೋದವರಲ್ಲಿ ಬಹಳ ಮಂದಿ ಹಳೇ ಜಾಗಕ್ಕೇ ವಾಪಸ್ಸು ಬಂದರು. ಯಾಕೆಂದರೆ ಅವರ ಜನ ಅಲ್ಲೇ ಉಳಿದಿದ್ದರು.

2021ರ ಜನವರಿಯಲ್ಲಿ ವಾಟ್ಸಾಪು ಹೊಸ ಷರತ್ತು ತಂದಿತು. 2014ರಲ್ಲೇ ಅದನ್ನು ಕೊಂಡಿದ್ದ ಫೇಸ್‌ಬುಕ್ ಕಂಪನಿಯ ಜೊತೆ ನಮ್ಮ ವಿವರ ಹಂಚಿಕೊಳ್ಳುವ ಷರತ್ತು. ಒಪ್ಪಿ, ಇಲ್ಲಾ ಬಿಡಿ. ಇದೇ ವಿಷಯಕ್ಕೆ 2024ರ ನವೆಂಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಆ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಅದು ಆಮೇಲಿನ ಮಾತು. ಆಗ ನಮಗೆ ಅನಿಸಿದ್ದು ಇಷ್ಟೇ: ನಮ್ಮ ಅವ್ವಂದಿರ ಸಂಬಳದ ಚೀಟಿ, ನಮ್ಮ ದೂರು, ನಮ್ಮ ಪದ್ಯ ಎಲ್ಲಾ ಬೇರೆಯವರ ಅಟ್ಟದ ಮೇಲೆ ಇದೆ.

ಬಾಬಾಸಾಹೇಬರು ಕೂಡ ಜಾಗ ಬದಲಿಸಿದವರೇ ಅಲ್ಲವೇ? 1920ರಲ್ಲಿ 'ಮೂಕನಾಯಕ' ತಂದಾಗ, ದುಡ್ಡು ಕೊಡುತ್ತೇವೆ ಎಂದರೂ ಅದರ ಜಾಹೀರಾತು ಹಾಕಲು 'ಕೇಸರಿ' ಪತ್ರಿಕೆ ಒಪ್ಪಲಿಲ್ಲ. 'ಮೂಕನಾಯಕ' ನಿಂತ ಮೇಲೆ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ ಅದೇ 'ಪ್ರಬುದ್ಧ ಭಾರತ'. ಎಪ್ಪತ್ತರ ದಶಕದಲ್ಲಿ ನಮ್ಮ ಹಿರಿಯರು 'ಶೂದ್ರ', 'ಪಂಚಮ' ಪತ್ರಿಕೆಗಳನ್ನು ತಂದದ್ದೂ ಇನ್ನೊಬ್ಬರ ಪುಟದಲ್ಲಿ ಜಾಗಕ್ಕೆ ಕೈಚಾಚಬಾರದು ಅಂತಲೇ. ಸ್ವಂತ ಮನೆ ಕಟ್ಟಬೇಕು ಅನ್ನುವುದು ನಮ್ಮ ಚಳವಳಿಗೆ ಹೊಸ ಮಾತಲ್ಲ.

ಹೀಗೆಲ್ಲಾ ವಾದ ಮಾಡಿ, ಎರಡು ವರ್ಷ ತಡಮಾಡಿ, 2023ರ ಜೂನಿನಲ್ಲಿ ನಾವು ಹೊರಟೆವು. ಕಂಪ್ಯೂಟರ್ ಓದಿದ ಒಬ್ಬ ಗೆಳೆಯ ಡಿಸ್ಕೋರ್ಸ್ ಎಂಬ ಸ್ವತಂತ್ರ ತಂತ್ರಾಂಶ ಹಾಕಿದ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದಾದದ್ದು. ಸರ್ವರಿನ ತಿಂಗಳ ಬಾಡಿಗೆಯನ್ನು ದುಡಿಯುವವರು ಹಂಚಿಕೊಂಡೆವು. ಅಲ್ಲೂ ಬಾಡಿಗೆಯೇ. ಆದರೆ ಒಳಗಿನ ಸಾಮಾನು ನಮ್ಮದು, ಬೀಗದ ಕೈ ನಮ್ಮದು. ಸ್ಕಾಲರ್‌ಶಿಪ್ಪಿಗೊಂದು ಕೋಣೆ, ಕೂಲಿಗೊಂದು, ಜಮೀನಿಗೊಂದು, ಕಾವ್ಯಕ್ಕೊಂದು. ಗುಡ್ ಮಾರ್ನಿಂಗ್ ಹೂವುಗಳ ಅಡಿಯಲ್ಲಿ ಕಾಗದ ಪತ್ರ ಹುಡುಕುವ ಕಷ್ಟ ತಪ್ಪಿತು. ನೋಡಲು ಚೆಂದ ಇತ್ತು. ಈಗಲೂ ಚೆಂದವೇ ಇದೆ.

*

ಯಾರನ್ನು ಕರೆದುಕೊಂಡು ಹೋಗಬೇಕು ಎಂಬ ಪಟ್ಟಿ ಮಾಡುವ ಕೆಲಸ ನನಗೆ ಬಿತ್ತು.

ನಾನು ಲೆಕ್ಕ ಹಾಕಿದೆ. ಕಳೆದ ಒಂದು ವರ್ಷದಲ್ಲಿ ಯಾರು ಬರೆದಿದ್ದಾರೋ ಅವರು 'ಸಕ್ರಿಯ'. ಈ ಪದ ನನ್ನದೇ. 61 ಜನ ಆದರು. ಅವರಿಗೆಲ್ಲ ಈ‌-ಮೇಲ್ ಕಳಿಸಿ ಹೊಸ ಜಾಗಕ್ಕೆ ಕರೆದೆ. ಉಳಿದವರಿಗೆ ಹಳೇ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿದೆ, ಬರಹದಲ್ಲಿ: 'ಈ ಗುಂಪು ಸ್ಥಳಾಂತರಗೊಂಡಿದೆ.' ಓದಲು ಬಾರದವರಿಗೆ ಬರಹದಲ್ಲಿ ಪ್ರಕಟಣೆ! ಆಗ ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಡಿಗ್ರಿ ಅನ್ನುವುದು ಮನುಷ್ಯನಿಗೆ ಎಷ್ಟು ಬೇಗ ಕಣ್ಣು ಕಟ್ಟುತ್ತದೆ ನೋಡಿ.

ಹಳೇ ಮಾತುಗಳನ್ನೂ ಕೊಂಡೊಯ್ಯಬೇಕಿತ್ತು. ಗುಂಪಿನ ಮಾತನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಳ್ಳಲು ವಾಟ್ಸಾಪಿನಲ್ಲೇ ದಾರಿ ಇದೆ. ಚಿತ್ರ, ದನಿ ಎಲ್ಲಾ ಸೇರಿಸಿದರೆ ಇತ್ತೀಚಿನ 10,000 ಸಂದೇಶ ಮಾತ್ರ ಬರುತ್ತದೆ. ಅವನ್ನು ಬಿಟ್ಟರೆ 40,000. ನಾನು ಹೆಚ್ಚು ಬರಲಿ ಅಂತ ಎರಡನೆಯದನ್ನು ಒತ್ತಿದೆ. ಮಾತು ಹೆಚ್ಚಾಗಿ ಬಂತು, ದನಿ ಉಳಿಯಿತು.

ಮೂರು ವಾರ ಆಗಿರಬೇಕು. ಒಂದು ರಾತ್ರಿ ಅವ್ವ ಫೋನು ಕೈಯಲ್ಲಿ ಹಿಡಿದು ಕೇಳಿದಳು: "ಯಾಕಪ್ಪಾ, ನಮ್ಮ ಗುಂಪ್ನಾಗೆ ಯಾರೂ ಮಾತಾಡ್ತಾನೇ ಇಲ್ಲ? ಫೋನ್ ಕೆಟ್ಟೈತಾ?"

"ಇಲ್ಲವ್ವ. ಗುಂಪು ಬೇರೆ ಕಡೆ ಹೋಯ್ತು."

"ಎಲ್ಲಿಗೆ?"

ಕಂಪ್ಯೂಟರ್ ತೆರೆದು ತೋರಿಸಿದೆ. ಕೋಣೆಗಳನ್ನೆಲ್ಲ ಹೇಳಿದೆ. ಅವ್ವ ಹೊಸ ಮನೆ ನೋಡಲು ಬಂದವಳಂತೆ ನೋಡಿದಳು. "ಚೆನ್ನಾಗೈತೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಯಾರ್ ಯಾರ್ ಬರಬೇಕು ಅಂತ ಪಟ್ಟಿ ಬರೆದಿದ್ದು ಯಾರು?" ಅಂದಳು.

ನಾನೇ ಅಂದೆ.

ಅವ್ವ ನಕ್ಕಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ನೀನೂ ಮೇಸ್ತ್ರಿ ಆದೆ ಬುಡು" ಅಂದು ಮಲಗಲು ಹೋದಳು.

ಆ ರಾತ್ರಿ ನಾನು ಇಳಿಸಿಕೊಂಡಿದ್ದ ಕಡತ ತೆರೆದು ಕೂತೆ. ನನ್ನ ಫೋನಿನಲ್ಲಿ ಅವಳ ಹೆಸರು 'ಅವ್ವ' ಅಂತಲೇ ಇದೆ. ಹುಡುಕಿದೆ. ತಾರೀಕು, ಗಂಟೆ, ಆಮೇಲೆ – 'ಅವ್ವ: ಮೀಡಿಯಾ ಒಮಿಟೆಡ್'. ಮುಂದೆ ಹೋದೆ. 'ಅವ್ವ: ಮೀಡಿಯಾ ಒಮಿಟೆಡ್'. ಪಿ.ಎಫ್. ಕೇಳಿದಾಕೆಯದ್ದೂ ಅದೇ. ಲಾಕ್‌ಡೌನಿನಲ್ಲಿ ಅಕ್ಕಿಯ ದಾರಿ ಹೇಳಿದವರದ್ದೂ ಅದೇ. ಪುಟಗಟ್ಟಲೆ ಒಮಿಟೆಡ್. ಬಿಡಲಾಗಿದೆ. ಬಿಟ್ಟವರು ಯಾರು ಅಂತ ಅದರಲ್ಲಿ ಬರೆದಿರಲಿಲ್ಲ. ಆದರೆ ಗುಂಡಿ ಒತ್ತಿದ್ದು ನಾನೇ. ನನ್ನ ಪದ್ಯಗಳು ಮಾತ್ರ ಒಂದಕ್ಷರ ಮುಕ್ಕಾಗದೆ ಬಂದಿದ್ದವು.

*

ಇದು ಅವ್ವನ ಮನಸ್ಸಿಗೆ ನೋವಾದ ಕತೆ ಮಾತ್ರ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಮುಂದೆ ಆದದ್ದು ಕೇಳಿ.

ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರರ ಪಾಲಾಗಬಾರದು ಅಂತ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಕಳೆದುಕೊಂಡವರು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದಿತ್ತು. ಅರ್ಜಿ ಸಕಾಲದಲ್ಲಿ ಬರಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ತಡವಾಗಿ ಬಂದ ಅರ್ಜಿಗಳು ಒಂದರ ಹಿಂದೆ ಒಂದು ಬಿದ್ದುಹೋದವು. ಊರು ಬಿಟ್ಟು ಬೆಂಗಳೂರಿಗೆ ಕೂಲಿಗೆ ಬಂದವನಿಗೆ ಸಕಾಲ ಎಲ್ಲಿಂದ ಬರಬೇಕು? ಹೋರಾಟ ನಡೆಯಿತು. 2023ರ ಜುಲೈನಲ್ಲಿ ನಮ್ಮ ವಿಧಾನಮಂಡಲ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಆ ತಿದ್ದುಪಡಿಯ ಮೇಲೂ ಕೋರ್ಟುಗಳಲ್ಲಿ ವಾದ ನಡೆದಿದೆ. ಆದರೂ ಒಂದು ಬಾಗಿಲು ತೆರೆಯಿತು.

ಸುದ್ದಿ ಕೇಳಿದ ದಿನವೇ ನಮ್ಮ ಕಾನೂನು ಓದಿದ ತಂಗಿ ಫೋನು ಮಾಡಿದಳು. "ಅಣ್ಣ, 2019ರಲ್ಲಿ ಒಬ್ಬ ದೊಡ್ಡಪ್ಪ ಗುಂಪಿನಲ್ಲಿ ಅವರ ಗ್ರಾಂಟ್ ಜಮೀನಿನ ಕತೆ ಹೇಳಿದ್ದರಲ್ಲ? ಸರ್ವೆ ನಂಬರು, ಊರು ಎಲ್ಲಾ ಹೇಳಿದ್ದರು. ಈಗ ಏನೂ ಮಾಡೋಕಾಗಲ್ಲ ದೊಡ್ಡಪ್ಪ ಅಂದಿದ್ದೆ. ಈಗ ಆಗುತ್ತೆ. ಹುಡುಕಿ ಕೊಡು."

ಹುಡುಕಿದೆ. ಅವಳ ಉತ್ತರ ಸಿಕ್ಕಿತು, ಅದು ಬರಹದಲ್ಲಿತ್ತು. ಅದರ ಮೇಲಿನ ಸಾಲು: ಮೀಡಿಯಾ ಒಮಿಟೆಡ್. ನನ್ನ ಫೋನು ಆಮೇಲೆ ಒಂದು ಸಲ ಕೆಟ್ಟು ಹೊಸದು ಬಂದಿತ್ತು. ಆ ದನಿ ಅದರಲ್ಲಿರಲಿಲ್ಲ. ಅವರ ನಂಬರಿಗೆ ಹಚ್ಚಿದರೆ ಸ್ವಿಚ್ ಆಫ್. 61 ಜನರ ಹೊಸ ಜಾಗದಲ್ಲಿ ಕೇಳಿದೆವು. ಯಾರಿಗೂ ನೆನಪಿರಲಿಲ್ಲ. ನಾವೆಲ್ಲ ಬರೆಯುತ್ತಿದ್ದವರು, ಕೇಳಿಸಿಕೊಳ್ಳುತ್ತಿದ್ದವರಲ್ಲ.

ಅವ್ವನನ್ನು ಕೇಳಿದೆ.

"ಆ ವಯಸ್ಸಾದಯ್ಯನಾ? ಕೆಮ್ಮಿ ಕೆಮ್ಮಿ ಮಾತಾಡ್ತಿದ್ರಲ್ಲ?" ಅಂದಳು. "ಅವ್ರು ಹೊಸಕೋಟೆ ಕಡೆಯೋರು. ಮಗಳನ್ನ ಕಾಡುಗೋಡಿಗೆ ಕೊಟ್ಟವ್ರೆ. ಅಳಿಯ ರೈಲ್ವೆ ಸ್ಟೇಷನ್ ಹತ್ರ ಪಂಚರ್ ಅಂಗಡಿ ಮಡಗವ್ನೆ ಅಂತ ಒಂದಿನ ಹೇಳಿದ್ರು."

ನಾಲ್ಕು ವರ್ಷದ ಹಿಂದೆ ಕೇಳಿದ ಮಾತು! ಮಾರನೆಯ ಭಾನುವಾರ ಕಾಡುಗೋಡಿಗೆ ಹೋದೆವು. ಮೂರನೆಯ ಪಂಚರ್ ಅಂಗಡಿಯಲ್ಲಿ ಅಳಿಯ ಸಿಕ್ಕಿದ. ದೊಡ್ಡಪ್ಪ ಮಗಳ ಮನೆಯಲ್ಲೇ ಇದ್ದರು. ಫೋನು ಕಳೆದುಹೋಗಿತ್ತಂತೆ. ಟ್ರಂಕಿನಿಂದ ಮಂಜೂರಾತಿ ಪತ್ರದ ಜೆರಾಕ್ಸು ತೆಗೆದುಕೊಟ್ಟರು. ಅರ್ಜಿ ಬಿದ್ದಿದೆ. ಪ್ರಕರಣ ಇನ್ನೂ ನಡೆಯುತ್ತಿದೆ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಆದರೆ ಅರ್ಜಿ ಹಾಕುವಷ್ಟು ನೆನಪು ಎಲ್ಲಿತ್ತು? ಕಂಪನಿಯ ಅಟ್ಟದಲ್ಲಿ ಇರಲಿಲ್ಲ, ನಮ್ಮ ಸರ್ವರಿನಲ್ಲೂ ಇರಲಿಲ್ಲ. ನಾನು 'ನಿಷ್ಕ್ರಿಯ' ಅಂತ ಹೊಡೆದುಹಾಕಿದ್ದ ಒಬ್ಬ ಹೆಂಗಸಿನ ತಲೆಯಲ್ಲಿತ್ತು.

*

ಆಮೇಲೆ ನಾವು ಕೂತು ಮಾತಾಡಿದೆವು. ಜಗಳವೇ ಆಯಿತು ಅನ್ನಿ. ತಂತ್ರಾಂಶ ಹಾಕಿದ ಗೆಳೆಯ, "ತಪ್ಪು ತಂತ್ರಾಂಶದ್ದಲ್ಲ, ತಿದ್ದಿದರೆ ತಿದ್ದಿಸಿಕೊಳ್ಳುತ್ತೆ" ಅಂದ. ಅವನು ಹೇಳಿದ್ದು ನಿಜ. ಆದರೆ ಬಂದ ಹಾಗೇ ಬಳಸಿದರೆ ಅದು ಯಾರನ್ನು ಕಣ್ಣೆದುರು ಇಟ್ಟುಕೊಂಡು ಕಟ್ಟಿದ್ದು ಅಂತ ಗೊತ್ತಾಗುತ್ತದೆ. ಅದರಲ್ಲಿ ಸದಸ್ಯರಿಗೆ ಸೊನ್ನೆಯಿಂದ ನಾಲ್ಕರವರೆಗೆ ನಂಬಿಕೆಯ ಮಟ್ಟಗಳಿವೆ. ಐದು ಮೆಟ್ಟಿಲು! ಹೊಸಬ ಸೊನ್ನೆಯಲ್ಲಿ. ಒಂದಕ್ಕೆ ಏರಬೇಕಾದರೆ ಐದು ವಿಷಯ ತೆರೆದು, 30 ಬರಹ ಓದಿ, ಹತ್ತು ನಿಮಿಷ ಕಳೆದಿರಬೇಕು. ಇದು ಹುಟ್ಟಿನ ಏಣಿಯಲ್ಲ, ಕಳ್ಳ ಜಾಹೀರಾತಿನವರನ್ನು ತಡೆಯಲು ಮಾಡಿದ್ದು. ಯಾರು ಬೇಕಾದರೂ ಏರಬಹುದು. ಓದಲು ಬಂದರೆ.

ಇನ್ನೊಂದು ನಿಯಮ: ಪ್ರತಿಕ್ರಿಯೆ ಕನಿಷ್ಠ 20 ಅಕ್ಷರ ಇರಬೇಕು. ಬರೀ 'ಹ್ಞೂಂ' ಅಂದರೆ ಒಪ್ಪುವುದಿಲ್ಲ. ನಮ್ಮ ಹಟ್ಟಿಗಳಲ್ಲಿ ಕತೆ ಹೇಳುವುದನ್ನು ಕೇಳಿದವರಿಗೆ ಗೊತ್ತು, ಹ್ಞೂಂಗುಟ್ಟುವವರು ಇಲ್ಲದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ಒಬ್ಬ ಹೇಳುತ್ತಾನೆ, ನಲವತ್ತು ಜನ ಹ್ಞೂಂ ಅನ್ನುತ್ತಾರೆ. ಆ ನಲವತ್ತು ಜನ ಸುಮ್ಮನೆ ಕೂತವರಲ್ಲ. ನಾಳೆ ಹೇಳುವವನು ಸತ್ತರೆ ಕತೆ ಉಳಿಯುವುದು ಅವರಿಂದ. ನಮ್ಮ ಪುರಾಣಗಳೆಲ್ಲ ಹೀಗೆ ಉಳಿದಿವೆ. ನಾನು ಬಿ.ಎ.ಯಲ್ಲಿ ಇದನ್ನೇ 'ಮೌಖಿಕ ಪರಂಪರೆ' ಅಂತ ಓದಿ, ಐದು ಅಂಕದ ಟಿಪ್ಪಣಿ ಬರೆದಿದ್ದೆ. ಮನೆಯಲ್ಲಿ ಆ ಪರಂಪರೆ ಫೋನು ಹಿಡಿದು ಕೂತಿದ್ದಾಗ ಗುರುತು ಸಿಗಲಿಲ್ಲ.

ಮೂರನೆಯದು: ನಮ್ಮ ಹೊಸ ಮನೆ ಚಿತ್ರ ಸೇರಿಸಲು ಬಿಡುತ್ತಿತ್ತು, ದನಿಯ ಕಡತ ಸೇರಿಸಲು ಬಿಡುತ್ತಿರಲಿಲ್ಲ. ಯಾವ ಯಾವ ಬಗೆಯ ಕಡತ ಒಳಗೆ ಬರಬಹುದು ಎಂಬ ಪಟ್ಟಿಯಲ್ಲಿ ದನಿಯ ಹೆಸರಿರಲಿಲ್ಲ. ಅಲ್ಲೂ ಒಂದು ಪಟ್ಟಿ! ಗೆಳೆಯ ಒಂದು ಪದ ಸೇರಿಸಿದ, ಒಂದು ನಿಮಿಷದ ಕೆಲಸ. ಸೇರಿಸಬೇಕು ಅಂತ ನಮಗೆ ಅನಿಸಲು ಅವ್ವಂದಿರು ಹೊರಗೆ ಉಳಿಯಬೇಕಾಯಿತು.

ಈಗ ನಾವು ಮಾಡುತ್ತಿರುವುದು ಇಷ್ಟು. ಹಳೇ ಗುಂಪನ್ನು ಮುಚ್ಚಿಲ್ಲ. ಅದು ಜಗಲಿ, ಹೊಸದು ಮನೆ. ಜಗಲಿಯಲ್ಲಿ ಬಂದ ದನಿಯನ್ನು ಇಬ್ಬರು ಪಾಳಿಯ ಮೇಲೆ ಒಳಗೆ ತಂದಿಡುತ್ತಾರೆ. ಒಳಗೆ ಬರೆದ ಉತ್ತರವನ್ನು ಓದಿ, ದನಿ ಮಾಡಿ ಜಗಲಿಗೆ ಕಳಿಸುತ್ತಾರೆ. 20 ಅಕ್ಷರದ ನಿಯಮ ತೆಗೆದಿದ್ದೇವೆ. ಬೇರೆ ಬೇರೆಯವರ ಫೋನುಗಳಲ್ಲಿ ಅಳಿಯದೆ ಉಳಿದಿದ್ದ ಹಳೇ ದನಿಗಳನ್ನು ಬೇಡಿ ತಂದಿದ್ದೇವೆ. ಮುನ್ನೂರು ಚಿಲ್ಲರೆ ಸಿಕ್ಕಿವೆ. ಉಳಿದವು ಹೋದವು. ಮೆಮೊರಿ ತುಂಬಿತು ಅಂತ ಅಂಗಡಿಯವರ ಕೈಲಿ ಅಳಿಸಿದವರೇ ಹೆಚ್ಚು. ಅದು ತುಂಬಿಕೊಡಲಾಗದ ನಷ್ಟ, ಅದರಲ್ಲಿ ನನ್ನ ಪಾಲೂ ಇದೆ.

ಭಾನುವಾರ ಸಂಜೆ ಅಣ್ಣಸಂದ್ರಪಾಳ್ಯದ ನಮ್ಮ ಮನೆಯ ಮುಂದೆ ಚಾಪೆ ಹಾಸಿ ಕೂರುತ್ತೇವೆ. ಒಂದೊಂದೇ ದನಿ ಹಾಕುತ್ತೇವೆ. ಹುಡುಗರು ಬರೆದುಕೊಳ್ಳುತ್ತಾರೆ, ಆಡಿದ ಹಾಗೇ. 'ಐತೆ' ಅಂದದ್ದನ್ನು 'ಇದೆ' ಅಂತ ತಿದ್ದುವಂತಿಲ್ಲ. ಅವ್ವಂದಿರು ಪಕ್ಕದಲ್ಲೇ ಕೂತು, ಇದು ಯಾರ ದನಿ, ಯಾವ ಮಳೆಗಾಲದ ಮಾತು, ಆಮೇಲೆ ಅವಳ ಸಂಬಳ ಬಂತಾ ಇಲ್ಲವಾ, ಎಲ್ಲಾ ಹೇಳುತ್ತಾರೆ. ಕಡತದಲ್ಲಿ ಇಲ್ಲದ್ದು ಅವರಲ್ಲಿ ಇದೆ.

ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮ ಸಮಿತಿಗಳೂ ಇಂದಲ್ಲ ನಾಳೆ ಜಾಗ ಬದಲಿಸುತ್ತವೆ. ಬದಲಿಸಬೇಕು. ಪರರ ಅಟ್ಟದಲ್ಲಿ ನಮ್ಮ ಕಾಗದ ಇರಬಾರದು, ಆ ಮಾತಿಗೆ ನಾನು ಈಗಲೂ ಬದ್ಧ. ಆದರೆ ಹೊರಡುವ ಮೊದಲು ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆಯಬೇಡಿ. ಮನೆ ಮನೆಗೆ ಹೋಗಿ ಕೇಳಿ. ಬರುತ್ತೀರಾ, ಬರಲು ಏನು ತೊಂದರೆ, ಏನನ್ನು ಹೊತ್ತು ತರಬೇಕು – ಮೂರೇ ಪ್ರಶ್ನೆ. ಬಾಯಿಬಿಟ್ಟು ಮಾತಾಡದವರನ್ನು ಮೊದಲು ಕೇಳಿ. ಹಳೇ ಬಾಗಿಲಿಗೆ ಬೀಗ ಹಾಕುವುದು ಕೊನೆಯ ಕೆಲಸವಾಗಲಿ.

ಅವ್ವ ಈಗ ಹೊಸ ಜಾಗದಲ್ಲೂ ಇದ್ದಾಳೆ. ಸೇರಿಸುವ ಮೊದಲು ನಾನು ಕೇಳಿದೆ, "ಬತ್ತೀಯೇನವ್ವ?" ಅಂತ.

"ಕೇಳಿದ್ಯಲ್ಲ, ಬತ್ತೀನಿ" ಅಂದಳು.

ಈ ಭಾನುವಾರವೂ ಕೂರುತ್ತೇವೆ. ಇನ್ನೂ ಇನ್ನೂರಕ್ಕೂ ಹೆಚ್ಚು ದನಿಗಳು ಬಾಕಿ ಇವೆ. ಬರೆಯಲು ಕೈ ಬೇಕು, ಅದಕ್ಕಿಂತ ಹೆಚ್ಚಾಗಿ ಹ್ಞೂಂ ಅನ್ನುವವರು ಬೇಕು. ಆಗುವವರು ಬನ್ನಿ.